ಯಾವ ವಯಸ್ಸಿಗೆ ಯಾವ ಮಾತು: ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಅಂದರೆ ನಿಜವಾಗಿ ಏನು?

ಕಳೆದ ತಿಂಗಳು ನಮ್ಮ ಮಕ್ಕಳ ಶಾಲೆಯ ವಾಟ್ಸಾಪ್ ಗುಂಪಿಗೆ ಟೀಚರ್ ಒಂದು ಮೆಸೇಜ್ ಹಾಕಿದರು. ಶುಕ್ರವಾರ ಮಧ್ಯಾಹ್ನ ಯುಪಿ (ಐದರಿಂದ ಏಳನೇ ಕ್ಲಾಸಿನ) ಮಕ್ಕಳಿಗೆ ದೇಹದ ಸುರಕ್ಷತೆ ಮತ್ತು ಹದಿಹರೆಯದ ಆರೋಗ್ಯದ ಬಗ್ಗೆ ಕ್ಲಾಸ್ ಇದೆ, ಎಲ್ಲರೂ ಮಕ್ಕಳನ್ನು ತಪ್ಪದೆ ಕಳುಹಿಸಿ ಅಂತ. ಸ್ವಲ್ಪ ಹೊತ್ತಿನಲ್ಲೇ ವಾಯ್ಸ್ ಮೆಸೇಜುಗಳು ಶುರುವಾದವು. "ಎಂತ ಟೀಚರೇ, ಐದನೇ ಕ್ಲಾಸಿನ ಮಕ್ಕಳಿಗೆ ಇದನ್ನೆಲ್ಲ ಕಲಿಸ್ಲಿಕ್ಕುಂಟಾ?" ಅಂತ ಒಬ್ಬರು. "ಕೋರ್ಟೇ ಹೇಳಿದೆಯಂತೆ, ಈಗ ಪುಸ್ತಕದಲ್ಲೇ ಉಂಟಂತೆ" ಅಂತ ಇನ್ನೊಬ್ಬರು. ಯಾರಿಗೂ ಪೂರ್ತಿ ವಿಷಯ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಇಬ್ಬರು ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾರೆ, ಒಬ್ಬಳು ಐದನೇ ಕ್ಲಾಸ್, ಒಬ್ಬ ಒಂಬತ್ತನೇ ಕ್ಲಾಸ್. ಹೆದರುವ ಮೊದಲು ಓದಿ ನೋಡೋಣ ಅಂತ ಕುಳಿತೆ. ಓದಿ ತಿಳಿದದ್ದನ್ನು ನನ್ನಂಥ ಅಪ್ಪ ಅಮ್ಮಂದಿರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ

"ಲೈಂಗಿಕ ಶಿಕ್ಷಣ" ಅಂದ ಕೂಡಲೇ ನಮ್ಮ ತಲೆಗೆ ಬರುವುದು ಒಂದೇ ವಿಷಯ, ಗಂಡು ಹೆಣ್ಣಿನ ಕೂಡುವಿಕೆ. ಅದನ್ನು ಹತ್ತು ವರ್ಷದ ಮಗುವಿಗೆ ಹೇಳುತ್ತಾರೆ ಅಂತ ಅಂದುಕೊಂಡರೆ ಯಾರಿಗಾದರೂ ಗಾಬರಿ ಆಗುತ್ತದೆ. ಆದರೆ ಪಾಠದ ಪಟ್ಟಿಯನ್ನು ತೆರೆದು ನೋಡಿದರೆ ಆ ವಿಷಯ ಅದರಲ್ಲಿ ಒಂದು ಸಣ್ಣ ಭಾಗ, ಅದೂ ಹೆಚ್ಚಾಗಿ ದೊಡ್ಡ ಕ್ಲಾಸುಗಳಲ್ಲಿ. ಉಳಿದದ್ದು ದೇಹದ ಭಾಗಗಳ ಹೆಸರು, ಬೆಳವಣಿಗೆ, ಮುಟ್ಟು, ಶುಚಿತ್ವ, ಸ್ನೇಹ, ಸಂಬಂಧ, "ಬೇಡ" ಅಂತ ಹೇಳುವ ಧೈರ್ಯ, ಫೋನು ಇಂಟರ್ನೆಟ್ಟಿನ ಅಪಾಯ, ಕಾಯಿಲೆಗಳು, ಕಾನೂನು.

ವಿಶ್ವಸಂಸ್ಥೆಯ ಯುನೆಸ್ಕೋ ಈ ಬಗ್ಗೆ ಒಂದು ಮಾರ್ಗಸೂಚಿ ಮಾಡಿದೆ. 2009ರಲ್ಲಿ ಮೊದಲು ಬಂತು, 2018ರಲ್ಲಿ ತಿದ್ದಿದರು. ಅದರಲ್ಲಿ ಎಂಟು ದೊಡ್ಡ ವಿಷಯಗಳಿವೆ. ಮೊದಲನೆಯದು ಯಾವುದು ಗೊತ್ತಾ? ಸಂಬಂಧಗಳು. ಮನೆ, ಕುಟುಂಬ, ಗೆಳೆತನ, ಒಬ್ಬರನ್ನೊಬ್ಬರು ಗೌರವಿಸುವುದು. ಇದು ನನಗೆ ಹೊಸ ವಿಷಯ.

ನಮ್ಮ ದೇಶದಲ್ಲಿ ಸರ್ಕಾರ ಇದೇ ಪಾಠವನ್ನು ಬೇರೆ ಬೇರೆ ಹೆಸರಿನಲ್ಲಿ ತರುತ್ತದೆ. ಹದಿಹರೆಯದ ಶಿಕ್ಷಣ ಅನ್ನುತ್ತಾರೆ, ಜೀವನ ಕೌಶಲ ಅನ್ನುತ್ತಾರೆ, ಆರೋಗ್ಯ ಶಿಕ್ಷಣ ಅನ್ನುತ್ತಾರೆ. ಹೆಸರು ನೋಡಿ ಬೇರೆ ಅಂದುಕೊಳ್ಳಬೇಡಿ, ಒಳಗಿನ ವಿಷಯ ಬಹುಪಾಲು ಒಂದೇ.

ಮಾನದಂಡ ಅಂದರೆ ಚುಚ್ಚುಮದ್ದಿನ ಕಾರ್ಡಿನ ಹಾಗೆ

ಮಗು ಹುಟ್ಟಿದಾಗ ಒಂದು ಕಾರ್ಡು ಕೊಡುತ್ತಾರಲ್ವಾ? ಆರು ವಾರಕ್ಕೆ ಇದು, ಹತ್ತು ವಾರಕ್ಕೆ ಇದು, ಒಂಬತ್ತು ತಿಂಗಳಿಗೆ ಇದು ಅಂತ ಅದರಲ್ಲಿ ಬರೆದಿರುತ್ತದೆ. ಎಲ್ಲ ಚುಚ್ಚುಮದ್ದನ್ನೂ ಒಂದೇ ದಿನ ಕೊಡುವುದಿಲ್ಲ. ಕಾಯಿಲೆ ಬಂದ ಮೇಲೂ ಕೊಡುವುದಿಲ್ಲ. ಮೊದಲೇ, ಹೊತ್ತು ನೋಡಿ ಕೊಡುತ್ತಾರೆ. ಒಂದು ತಪ್ಪಿದರೆ ಆಶಾ ಅಕ್ಕ ಮನೆಗೇ ಬಂದು ಕೇಳುತ್ತಾರೆ.

ಲೈಂಗಿಕ ಶಿಕ್ಷಣದ ಮಾನದಂಡ ಅಂದರೆ ಅಂಥದೇ ಒಂದು ಕಾರ್ಡು. ಎಷ್ಟನೇ ಕ್ಲಾಸು ಮುಗಿಯುವಾಗ ಮಗುವಿಗೆ ಏನೇನು ಗೊತ್ತಿರಬೇಕು ಅನ್ನುವ ಪಟ್ಟಿ. ಪಠ್ಯಪುಸ್ತಕ ಬೇರೆ, ಮಾನದಂಡ ಬೇರೆ. ಪುಸ್ತಕದಲ್ಲಿ ಒಂದು ಪಾಠ ಇರಬಹುದು, ಆದರೆ ಟೀಚರ್ ಅದನ್ನು ಬಿಟ್ಟು ಮುಂದಿನ ಪಾಠಕ್ಕೆ ಹೋದರೆ ಮಗುವಿಗೆ ಏನೂ ಸಿಗುವುದಿಲ್ಲ. ಮಗುವಿಗೆ ನಿಜವಾಗಿ ತಿಳಿಯಿತಾ ಅಂತ ಮಾನದಂಡ ಕೇಳುತ್ತದೆ.

ಅಮೆರಿಕದಲ್ಲಿ ಇಂಥ ರಾಷ್ಟ್ರೀಯ ಮಾನದಂಡದ ಪುಸ್ತಕವೊಂದು 2012ರಲ್ಲಿ ಬಂತು, 2020ರಲ್ಲಿ ಎರಡನೇ ಆವೃತ್ತಿ ಬಂತು. ಆದರೆ ಅಲ್ಲಿಯೂ ಎಲ್ಲ ರಾಜ್ಯಗಳಿಗೆ ಅದು ಕಡ್ಡಾಯ ಅಲ್ಲ. ಒಂದೊಂದು ರಾಜ್ಯ ಒಂದೊಂದು ರೀತಿ. ನಮ್ಮಲ್ಲೂ ಹಾಗೆಯೇ. ಶಿಕ್ಷಣ ಕೇಂದ್ರ ಮತ್ತು ರಾಜ್ಯ ಎರಡರ ಕೈಯಲ್ಲೂ ಇರುವ ವಿಷಯ, ಹಾಗಾಗಿ ದೇಶಕ್ಕೆಲ್ಲ ಒಂದೇ ಕಡ್ಡಾಯ ಮಾನದಂಡ ಇಲ್ಲ.

ಯಾವ ವಯಸ್ಸಿಗೆ ಯಾವುದು

ಯುನೆಸ್ಕೋದ ಮಾರ್ಗಸೂಚಿ ಮಕ್ಕಳನ್ನು ನಾಲ್ಕು ಗುಂಪು ಮಾಡಿದೆ: 5ರಿಂದ 8, 9ರಿಂದ 12, 12ರಿಂದ 15, 15ರಿಂದ 18 ಮತ್ತು ಮೇಲೆ. ನಮ್ಮ ಕೇರಳದ ಲೆಕ್ಕದಲ್ಲಿ ಹೇಳಬೇಕಾದರೆ ಸುಮಾರಾಗಿ ಎಲ್‌ಪಿ (1ರಿಂದ 4ನೇ ಕ್ಲಾಸು), ಯುಪಿ (5ರಿಂದ 7), ಹೈಸ್ಕೂಲು (8ರಿಂದ 10), ಪ್ಲಸ್ ಟು (11, 12).

ಎಲ್‌ಪಿ ಮಕ್ಕಳಿಗೆ ಕಲಿಸುವುದು ತುಂಬ ಸರಳ. ನಿನ್ನ ದೇಹ ನಿನ್ನದು. ದೇಹದ ಎಲ್ಲ ಭಾಗಕ್ಕೂ ಒಂದು ಹೆಸರಿದೆ, ಬಟ್ಟೆ ಮುಚ್ಚಿದ ಭಾಗಕ್ಕೂ ಇದೆ. ಸ್ನಾನ ಮಾಡಿಸುವಾಗ ಅಮ್ಮ, ಹುಷಾರಿಲ್ಲದಾಗ ಅಮ್ಮನ ಎದುರು ಡಾಕ್ಟರು, ಇವರು ಬಿಟ್ಟು ಬೇರೆಯವರು ಅಲ್ಲಿ ಮುಟ್ಟುವ ಹಾಗಿಲ್ಲ. ಯಾರಾದರೂ ಮುಟ್ಟಿ "ಯಾರಿಗೂ ಹೇಳಬೇಡ" ಅಂದರೆ ಅದನ್ನು ಹೇಳಲೇಬೇಕು. ಹಿಂದೆ "ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ" ಅಂತ ಹೇಳುತ್ತಿದ್ದರು. ಈಗ ಬಹಳ ಕಡೆ "ಸುರಕ್ಷಿತ, ಅಸುರಕ್ಷಿತ" ಅಂತ ಹೇಳುತ್ತಾರೆ. ಯಾಕೆ ಅಂದರೆ ಮಗುವಿನ ನಂಬಿಕೆ ಗಳಿಸಿದವರು ಚಾಕ್ಲೇಟು ಕೊಟ್ಟು, ಮುದ್ದು ಮಾಡಿ ಮುಟ್ಟಬಹುದು. ಆಗ ಮಗುವಿಗೆ ಅದು ಕೆಟ್ಟದು ಅಂತ ಅನ್ನಿಸದೇ ಇರಬಹುದು. ಚುಚ್ಚುಮದ್ದು ನೋವಾಗುತ್ತದೆ, ಆದರೆ ಅದು ಸುರಕ್ಷಿತ. ಈ ವ್ಯತ್ಯಾಸ ಸಣ್ಣ ಮಗುವಿಗೂ ಅರ್ಥವಾಗುತ್ತದೆ.

ಯುಪಿ ಅಂದರೆ ದೇಹ ಬದಲಾಗುವ ಹೊತ್ತು. ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ ಬದಲಾವಣೆ ಶುರುವಾಗುತ್ತದೆ. ಈ ಅಂಕಿ ನೋಡಿದ ಮೇಲೆ ಐದನೇ ಕ್ಲಾಸಿಗೆ ಯಾಕೆ ಬೇಕು ಅನ್ನುವ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತು. ಒಂಬತ್ತನೇ ಕ್ಲಾಸಿನಲ್ಲಿ ಹೇಳಿದರೆ ಆ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಆಗಬೇಕಾದ್ದು ಆಗಿ ಮುಗಿದಿರುತ್ತದೆ. ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಹಾಳಿ (ಅಡಿಕೆಯ ಕೊಳೆರೋಗ) ಹಿಡಿದ ಮೇಲೆ ಮದ್ದು ಬಿಡುತ್ತೇವಾ? ಮಳೆ ಹಿಡಿಯುವ ಮೊದಲೇ ಬಿಡುತ್ತೇವೆ.

ಹೈಸ್ಕೂಲಿನಲ್ಲಿ ಗರ್ಭ ಹೇಗೆ ನಿಲ್ಲುತ್ತದೆ, ಆಕರ್ಷಣೆ ಅಂದರೆ ಏನು, ಒಪ್ಪಿಗೆ ಅಂದರೆ ಏನು, ಫೋಟೋ ಕಳುಹಿಸಿ ಅಂತ ಕೇಳಿದರೆ ಏನು ಮಾಡಬೇಕು, ಕಾನೂನು ಏನು ಹೇಳುತ್ತದೆ ಅನ್ನುವುದು. ಗರ್ಭನಿರೋಧಕ, ಎಚ್‌ಐವಿ ಮತ್ತು ಇತರ ಲೈಂಗಿಕ ಸೋಂಕುಗಳ ವಿಷಯ ಹೈಸ್ಕೂಲಿನಲ್ಲೂ ಬರುತ್ತದೆ, ಪ್ಲಸ್ ಟುವಿನಲ್ಲಿ ಅದು ಇನ್ನೂ ವಿವರವಾಗಿ, ಜೊತೆಗೆ ಮದುವೆ ಮತ್ತು ಜವಾಬ್ದಾರಿ.

ಮುಟ್ಟಿನ ಮಾತು ನಮಗೆ ಹೊಸದಲ್ಲ

ಇದು ಹೊರಗಿನಿಂದ ಬಂದ ವಿಷಯ, ನಮ್ಮ ಸಂಸ್ಕೃತಿಯದ್ದಲ್ಲ ಅಂತ ಹೇಳುವವರಿದ್ದಾರೆ. ಅವರಿಗೆ ನಾನು ಕೆಡ್ಡಸ ನೆನಪಿಸುತ್ತೇನೆ. ಮಕರ ಮುಗಿದು ಕುಂಭ ಬರುವ ಹೊತ್ತಿಗೆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ ಅಂತ ನಮ್ಮ ತುಳುನಾಡಿನಲ್ಲಿ ನಂಬಿಕೆ. ಆ ದಿನಗಳಲ್ಲಿ ಉಳುವ ಹಾಗಿಲ್ಲ, ಅಗೆಯುವ ಹಾಗಿಲ್ಲ. ಕೊನೆಗೆ ಹೆಂಗಸರು ಭೂಮಿಗೆ ಎಣ್ಣೆ ಬಿಟ್ಟು ಪೂಜೆ ಮಾಡುತ್ತಾರೆ. ನನ್ನ ಅಜ್ಜಿ ತುಳಸಿಕಟ್ಟೆಯ ಹತ್ತಿರ ಎಣ್ಣೆ ಬಿಡುವುದನ್ನು ನಾನು ನೋಡಿದ್ದೇನೆ. ಭೂಮಿಯ ಮುಟ್ಟನ್ನು ಊರಿಗೆ ಊರೇ ಆಚರಿಸುತ್ತದೆ. ಮನೆಯ ಮಗಳಿಗೆ ಮಾತ್ರ "ಹೊರಗೆ" ಅನ್ನುವ ಒಂದು ಶಬ್ದ ಬಿಟ್ಟರೆ ಬೇರೆ ಯಾರೂ ಏನೂ ಹೇಳಲಿಲ್ಲ.

ನನಗೆ ಹಾಗೆಯೇ ಆದದ್ದು. ಏಳನೇ ಕ್ಲಾಸಿನಲ್ಲಿ ಶಾಲೆಯ ಬೆಂಚಿನ ಮೇಲೆ ರಕ್ತ ನೋಡಿ ನಾನು ಸಾಯುತ್ತೇನೆ ಅಂದುಕೊಂಡಿದ್ದೆ. ಸಂಜೆಯವರೆಗೆ ಜಾಗ ಬಿಟ್ಟು ಏಳಲಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ವಿಜ್ಞಾನದ ಪುಸ್ತಕದಲ್ಲಿ ಆ ಪಾಠ ಇತ್ತು. "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಅಂತ ಹೇಳಿ ಟೀಚರ್ ಪುಟ ಮಗುಚಿದರು.

ಹಾಗಾಗಿ ಸರಿಯಾದ ವಿಷಯ ಇಲ್ಲಿ ಬರೆದುಬಿಡುತ್ತೇನೆ. ಗರ್ಭಕೋಶದಲ್ಲಿ ಪ್ರತಿ ತಿಂಗಳು ಒಂದು ತೆಳುವಾದ ಹಾಸು ಬೆಳೆಯುತ್ತದೆ, ಮಗು ಬಂದರೆ ಮಲಗಲಿ ಅಂತ ಹಾಸಿಗೆ ಹಾಸಿದ ಹಾಗೆ. ಮಗು ಬರದಿದ್ದಾಗ ಆ ಹಾಸು ಕಳಚಿ ರಕ್ತದ ಜೊತೆ ಹೊರಗೆ ಹೋಗುತ್ತದೆ. ಅದೇ ಮುಟ್ಟು. ಅದರಲ್ಲಿ ಕೊಳಕೂ ಇಲ್ಲ, ಕಾಯಿಲೆಯೂ ಇಲ್ಲ. ಸಾಮಾನ್ಯವಾಗಿ ಎರಡರಿಂದ ಏಳು ದಿನ ಇರುತ್ತದೆ. ಶುರುವಿನ ಒಂದೆರಡು ವರ್ಷ ತಿಂಗಳ ಲೆಕ್ಕ ಏರುಪೇರಾಗುವುದು ಸಹಜ. 15 ವರ್ಷ ಆದರೂ ಮುಟ್ಟಾಗದಿದ್ದರೆ, ಅಥವಾ 8 ವರ್ಷಕ್ಕೆ ಮೊದಲೇ ದೇಹ ಬದಲಾಗಲು ಶುರುವಾದರೆ ಡಾಕ್ಟರಿಗೆ ತೋರಿಸಬೇಕು. ಇಷ್ಟೇ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ದಿನ ನಾನು ಅಷ್ಟು ಹೊತ್ತು ಬೆಂಚಿಗೆ ಅಂಟಿಕೊಂಡು ಕೂರಬೇಕಾಗಿರಲಿಲ್ಲ.

ಗಂಡುಮಕ್ಕಳನ್ನು ಗ್ರೌಂಡಿಗೆ ಕಳುಹಿಸಿದರೆ

ಹೆಣ್ಣುಮಕ್ಕಳಿಗೆ ಕ್ಲಾಸ್ ಇದ್ದಾಗ ಗಂಡುಮಕ್ಕಳನ್ನು ಆಟಕ್ಕೆ ಬಿಡುವುದು ನಾವೆಲ್ಲ ನೋಡಿದ ಪದ್ಧತಿ. ನನಗೆ ಒಬ್ಬ ಮಗ ಇರುವುದರಿಂದ ಇದು ಎಷ್ಟು ದೊಡ್ಡ ತಪ್ಪು ಅಂತ ಈಗ ಗೊತ್ತಾಗುತ್ತಿದೆ. ಧ್ವನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಮೊಡವೆ ಬರುತ್ತದೆ, ರಾತ್ರಿ ನಿದ್ದೆಯಲ್ಲಿ ವೀರ್ಯ ಹೋಗುತ್ತದೆ. ಕೊನೆಯದನ್ನು ಯಾರೂ ಹೇಳುವುದಿಲ್ಲ. ಹುಡುಗ ತನಗೆ ಏನೋ ಕಾಯಿಲೆ ಅಂದುಕೊಳ್ಳುತ್ತಾನೆ. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ "ಧಾತು ನಷ್ಟ, ನಿಶ್ಶಕ್ತಿ, ಗ್ಯಾರಂಟಿ ಚಿಕಿತ್ಸೆ" ಅನ್ನುವ ಪೋಸ್ಟರ್ ಓದುತ್ತಾನೆ. ಅಥವಾ ಫೋನಿನಲ್ಲಿ ಹುಡುಕುತ್ತಾನೆ, ಅಲ್ಲಿ ಸಿಗುವುದು ಏನು ಅಂತ ನಮಗೆಲ್ಲ ಗೊತ್ತು.

ನಿದ್ದೆಯಲ್ಲಿ ವೀರ್ಯ ಹೋಗುವುದು ಹದಿಹರೆಯದಲ್ಲಿ ಪೂರ್ತಿ ಸಹಜ. ಅದರಿಂದ ಶಕ್ತಿ ಹೋಗುವುದಿಲ್ಲ, ಮದ್ದು ಬೇಕಾಗಿಲ್ಲ. ಈ ಎರಡು ವಾಕ್ಯ ಪ್ರತಿ ಹುಡುಗನಿಗೂ ಹನ್ನೊಂದು ಹನ್ನೆರಡರೊಳಗೆ ಯಾರಾದರೂ ಹೇಳಬೇಕು.

ಇನ್ನೊಂದು ವಿಷಯ. ಗಂಡುಮಕ್ಕಳ ಮೇಲೂ ದೌರ್ಜನ್ಯ ನಡೆಯುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾನೂನಿನಲ್ಲಿ "ಮಗು" ಅಂದರೆ 18 ವರ್ಷದೊಳಗಿನ ಯಾರಾದರೂ ಸರಿ, ಹುಡುಗನೂ ಸೇರಿ. ಮತ್ತೆ, ಹುಡುಗಿ "ಬೇಡ" ಅಂದರೆ ಬೇಡ ಅಂತಲೇ ಅರ್ಥ ಅನ್ನುವುದನ್ನು ಹುಡುಗರಿಗೆ ಕಲಿಸದೆ ಬರೀ ಹುಡುಗಿಯರಿಗೆ ಎಚ್ಚರಿಕೆ ಹೇಳಿದರೆ ಅರ್ಧ ಕೆಲಸವೂ ಆಗುವುದಿಲ್ಲ.

ಹೇಳಿಕೊಟ್ಟರೆ ಮಕ್ಕಳು ಹಾಳಾಗುತ್ತಾರಾ?

ನಮ್ಮ ಗುಂಪಿನಲ್ಲಿ ಜಾಸ್ತಿ ಬಂದ ಪ್ರಶ್ನೆ ಇದೇ. ಇದು ನ್ಯಾಯವಾದ ಭಯ. ಈ ಪ್ರಶ್ನೆ ಇಟ್ಟುಕೊಂಡೇ ಜಗತ್ತಿನ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಯುನೆಸ್ಕೋ ಒಟ್ಟು ಸೇರಿಸಿ ನೋಡಿದೆ. ಸಿಕ್ಕಿದ್ದು ಇಷ್ಟು: ಸರಿಯಾಗಿ ಕಲಿಸಿದರೆ ಮಕ್ಕಳು ಬೇಗ ಲೈಂಗಿಕ ಸಂಬಂಧ ಶುರು ಮಾಡುವುದಿಲ್ಲ, ಅಪಾಯದ ನಡವಳಿಕೆಯೂ ಜಾಸ್ತಿಯಾಗುವುದಿಲ್ಲ. "ಮದುವೆವರೆಗೆ ಬೇಡ" ಅಂತ ಮಾತ್ರ ಹೇಳಿ ಉಳಿದದ್ದನ್ನು ಮುಚ್ಚಿಟ್ಟ ಕಡೆ ಆ ಉಪದೇಶದಿಂದ ಪ್ರಯೋಜನವೂ ಕಾಣಲಿಲ್ಲ.

ನಮ್ಮ ದೇಶದಲ್ಲಿ ಈ ಭಯ ಹಳೆಯದು. 2005ರ ಹೊತ್ತಿಗೆ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದಿತು. ಅದರ ಪುಸ್ತಕ, ಚಿತ್ರಗಳ ಬಗ್ಗೆ 2007ರಲ್ಲಿ ದೊಡ್ಡ ಗಲಾಟೆಯಾಗಿ ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶ ಮುಂತಾದ ರಾಜ್ಯಗಳು ಬೇಡ ಅಂದವು. 2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಅಂತ ವರದಿ ಕೊಟ್ಟಿತು. ಆಮೇಲೆ 2020ರಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಅದರಲ್ಲಿ 11 ವಿಷಯಗಳಿವೆ. ಪೌಷ್ಟಿಕ ಆಹಾರ, ಮನಸ್ಸಿನ ಆರೋಗ್ಯ, ಮಾದಕ ವಸ್ತು, ಇಂಟರ್ನೆಟ್ ಇವುಗಳ ನಡುವೆ ಸಂತಾನದ ಆರೋಗ್ಯ ಮತ್ತು ಎಚ್‌ಐವಿ ಕೂಡ ಒಂದು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದಷ್ಟು ಒಬ್ಬರು ಗಂಡಸು ಒಬ್ಬರು ಹೆಂಗಸು, ತರಬೇತಿ ಕೊಡಬೇಕು ಅನ್ನುವುದು ಅದರ ಯೋಜನೆ.

ಕೋರ್ಟು ಹೇಳಿದ್ದು ಏನು

2022ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಬೆಚ್ಚು ಕುರಿಯನ್ ಥಾಮಸ್ ಒಂದು ಜಾಮೀನು ಅರ್ಜಿ ನೋಡುವಾಗ ಈ ವಿಷಯ ಎತ್ತಿಕೊಂಡರು. ಹದಿಹರೆಯದ ಎಷ್ಟೋ ಮಕ್ಕಳಿಗೆ ತಾವು ಮಾಡುತ್ತಿರುವುದು ಪೋಕ್ಸೋ ಪ್ರಕಾರ ದೊಡ್ಡ ಅಪರಾಧ ಅಂತ ಗೊತ್ತೇ ಇಲ್ಲ ಅನ್ನುವುದು ಅವರ ಚಿಂತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2012ರ ಪೋಕ್ಸೋ ಕಾನೂನಿನ ಪ್ರಕಾರ 18 ವರ್ಷದೊಳಗಿನವರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ಹದಿನೇಳರ ಹುಡುಗಿ ಪ್ರೀತಿಯಿಂದಲೇ ಹೋಗಿರಬಹುದು, ಆದರೂ ಹುಡುಗನ ಮೇಲೆ ಕೇಸ್ ಆಗುತ್ತದೆ. ಶಾಲೆಯಲ್ಲಿ ಯಾರೂ ಇದನ್ನು ಹೇಳದಿದ್ದರೆ ಮಕ್ಕಳಿಗೆ ಗೊತ್ತಾಗುವುದು ಪೊಲೀಸ್ ಸ್ಟೇಷನಿನಲ್ಲಿ.

ಆ ಪ್ರಕರಣದಲ್ಲಿ ಹೈಕೋರ್ಟ್ ಲೈಂಗಿಕ ದೌರ್ಜನ್ಯ ತಡೆಯುವ, ವಯಸ್ಸಿಗೆ ತಕ್ಕ ಪಾಠವನ್ನು ಕಡ್ಡಾಯ ಮಾಡಬೇಕು ಅಂತ ರಾಜ್ಯಕ್ಕೂ ಸಿಬಿಎಸ್‌ಇಗೂ ಹೇಳಿತು. ಮಾದರಿಯಾಗಿ ಅಮೆರಿಕದ ಎರಿನ್ಸ್ ಲಾ ಅನ್ನುವ ಕಾನೂನನ್ನು ತೋರಿಸಿತು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದ ಎರಿನ್ ಮೆರಿನ್ ಅನ್ನುವ ಹೆಣ್ಣುಮಗಳ ಹೋರಾಟದಿಂದ ಇಲಿನಾಯ್ ರಾಜ್ಯದಲ್ಲಿ ಶುರುವಾದ ಕಾನೂನು ಅದು. ಕೇರಳ ಸರ್ಕಾರ ಹೊಸ ಪಠ್ಯಪುಸ್ತಕಗಳಲ್ಲಿ ಇದನ್ನು ಸೇರಿಸುವುದಾಗಿ ಕೋರ್ಟಿಗೆ ತಿಳಿಸಿತು. 2024ರಲ್ಲಿ 1, 3, 5, 7, 9ನೇ ಕ್ಲಾಸಿನ ಪುಸ್ತಕಗಳು ಬದಲಾದವು, 2025ರಲ್ಲಿ 2, 4, 6, 8, 10ರದ್ದು.

2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಉತ್ತರಪ್ರದೇಶದ ಒಂದು ಪ್ರಕರಣದಲ್ಲಿ ಇನ್ನೂ ನೇರವಾಗಿ ಹೇಳಿತು: ಲೈಂಗಿಕ ಶಿಕ್ಷಣ ಒಂಬತ್ತನೇ ಕ್ಲಾಸಿನಿಂದ ಅಲ್ಲ, ಅದಕ್ಕಿಂತ ಸಣ್ಣ ವಯಸ್ಸಿನಿಂದಲೇ ಸಿಗಬೇಕು. ವಾಟ್ಸಾಪಿನಲ್ಲಿ ಹರಿದಾಡಿದ "ಕೋರ್ಟೇ ಹೇಳಿದೆಯಂತೆ" ಅನ್ನುವುದರ ಪೂರ್ತಿ ಕತೆ ಇದು.

ಕಾಸರಗೋಡಿನ ಮಗುವಿಗೆ ಯಾವ ಶಬ್ದ?

ನನಗೆ ಎಲ್ಲಕ್ಕಿಂತ ಜಾಸ್ತಿ ಯೋಚನೆ ಬರುವುದು ಇಲ್ಲಿ. ನಮ್ಮ ಮಕ್ಕಳು ಮನೆಯಲ್ಲಿ ತುಳು ಮಾತಾಡುತ್ತಾರೆ, ಹವ್ಯಕ ಕನ್ನಡ ಮಾತಾಡುತ್ತಾರೆ, ಕೊಂಕಣಿ, ಮರಾಠಿ, ಬ್ಯಾರಿ ಮಾತಾಡುತ್ತಾರೆ. ಶಾಲೆಯಲ್ಲಿ ಪುಸ್ತಕದ ಕನ್ನಡ. ಸ್ಟೇಷನ್, ಆಸ್ಪತ್ರೆ, ಆಫೀಸಿನಲ್ಲಿ ಮಲಯಾಳ. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರು ಬಂದದ್ದರ ಬಗ್ಗೆ ಇಲ್ಲಿ ಎಷ್ಟೋ ಸಲ ಹೋರಾಟ ಆಗಿದೆ. ಗಣಿತದಲ್ಲಿ ಭಾಷೆ ತೊಡಕಾದರೆ ಮಾರ್ಕು ಹೋಗುತ್ತದೆ. ಈ ಪಾಠದಲ್ಲಿ ಭಾಷೆ ತೊಡಕಾದರೆ ಮಗು ತನಗೆ ಆದದ್ದನ್ನು ಹೇಳಲಾರದೆ ಉಳಿಯುತ್ತದೆ.

ಯೋಚಿಸಿ ನೋಡಿ. ಮೈಯ ಗುಟ್ಟಿನ ಭಾಗಗಳಿಗೆ ನಾವು ಮನೆಮನೆಯಲ್ಲಿ ಒಂದೊಂದು ಮುದ್ದಿನ ಹೆಸರು ಇಟ್ಟಿರುತ್ತೇವೆ. ಹಕ್ಕಿಯದ್ದೋ ಹೂವಿನದ್ದೋ ಹೆಸರು. ಮಗು ಬಂದು "ನನ್ನ ಹೂವು ಮುಟ್ಟಿದರು" ಅಂದರೆ ಮನೆಯ ಹೊರಗೆ ಯಾರಿಗೆ ಅರ್ಥವಾಗುತ್ತದೆ? ಪುಸ್ತಕದಲ್ಲಿ "ಜನನಾಂಗ" ಅಂತ ಇರುತ್ತದೆ, ಅದು ಆರು ವರ್ಷದ ಮಗುವಿನ ಬಾಯಿಗೆ ಬರುವ ಶಬ್ದ ಅಲ್ಲ. ಆದ್ದರಿಂದ ಮನೆಯ ಶಬ್ದವೂ ಗೊತ್ತಿರಲಿ, ಎಲ್ಲರಿಗೂ ತಿಳಿಯುವ ಒಂದು ಶಬ್ದವೂ ಗೊತ್ತಿರಲಿ. ಕೈ, ಕಾಲು, ಮೂಗು ಅಂತ ಹೇಳಿಕೊಡುವ ಹೊತ್ತಿನಲ್ಲೇ, ಅದೇ ಧ್ವನಿಯಲ್ಲಿ.

ಕಾನೂನಿನಲ್ಲಿ ಭಾಷೆಯ ವಿಷಯ ಸ್ಪಷ್ಟವಾಗಿ ಇದೆ. ಪೋಕ್ಸೋದ 19ನೇ ಸೆಕ್ಷನ್ ಪ್ರಕಾರ ಮಗು ದೂರು ಹೇಳಿದರೆ ಅದಕ್ಕೆ ಅರ್ಥವಾಗುವ ಸರಳ ಮಾತಿನಲ್ಲೇ ಬರೆಯಬೇಕು. ಬರೆಯುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದ ಮಾಡುವವರನ್ನು ಕೊಡಬೇಕು. ಹೇಳಿಕೆಯನ್ನು ಮಗುವಿನ ಮನೆಯಲ್ಲೇ ತೆಗೆದುಕೊಳ್ಳಬಹುದು, ಪೊಲೀಸರು ಯೂನಿಫಾರ್ಮಿನಲ್ಲಿ ಬರುವ ಹಾಗಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಪ್ರತಿ ಕನ್ನಡದ ಮನೆಗೂ ಇದು ಗೊತ್ತಿರಬೇಕು. ಕನ್ನಡದಲ್ಲಿ ಬೇಕು ಅಂತ ಕೇಳುವುದು ನಮ್ಮ ಹಕ್ಕು.

ಪುಸ್ತಕಗಳೂ ಕನ್ನಡದಲ್ಲಿವೆ. ಕೇರಳದ ಪಠ್ಯಪುಸ್ತಕ ಮಾಡುವ ಸಂಸ್ಥೆಯಾದ ಎಸ್‌ಸಿಇಆರ್‌ಟಿಯ ಕನ್ನಡ ಮಾಧ್ಯಮದ ಪುಸ್ತಕಗಳು ಸಮಗ್ರ ಅನ್ನುವ ಶಿಕ್ಷಣ ಪೋರ್ಟಲಿನಲ್ಲಿ ಉಚಿತವಾಗಿ ಸಿಗುತ್ತವೆ. ಸುಮ್ನೆ ಯಾರದೋ ಮಾತು ಕೇಳಿ ಹೆದರುವುದಕ್ಕಿಂತ ಮಗುವಿನ ಪುಸ್ತಕವನ್ನೇ ತೆರೆದು ಓದಿ.

ಮಗು ಬಂದು ಹೇಳಿದರೆ

ಪಾಠ ಸರಿಯಾಗಿ ಆದರೆ ಒಂದು ದಿನ ಒಂದು ಮಗು ಬಂದು ಹೇಳಬಹುದು. ಆಗ "ಯಾಕೆ ಮೊದಲೇ ಹೇಳಲಿಲ್ಲ" ಅಂತ ಕೇಳಬೇಡಿ. ಮತ್ತೆ ಮತ್ತೆ ಹೇಳಿಸಬೇಡಿ. ನಿನ್ನ ತಪ್ಪಲ್ಲ ಅಂತ ಹೇಳಿ, ನಂಬಿ. ಆಗಷ್ಟೇ ನಡೆದದ್ದಾದರೆ ಬಟ್ಟೆ ಒಗೆಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹುಡುಗಿಯಾದರೆ ಮಹಿಳಾ ಡಾಕ್ಟರೇ ಪರೀಕ್ಷೆ ಮಾಡಬೇಕು, ಅಪ್ಪ ಅಥವಾ ಅಮ್ಮ, ಇಲ್ಲವೇ ಮಗು ನಂಬುವ ಒಬ್ಬರು ಜೊತೆಗಿರಬಹುದು. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ, ಮಗುವೇ ಫೋನ್ ಮಾಡಿದರೂ ಆಗುತ್ತದೆ.

ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಆರು ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಶಾಲೆಯ ಹೆಸರು, ಮನೆಯ ಮರ್ಯಾದೆ ಅಂತ ಒಳಗೊಳಗೇ ರಾಜಿ ಮಾಡಿಸುವ ಹಾಗಿಲ್ಲ. ಆದರೆ ಹೇಳದೆ ಸುಮ್ಮನಿದ್ದ ಮಗುವಿಗೆ ಈ ಶಿಕ್ಷೆ ಇಲ್ಲ, ಅದನ್ನು ಕಾನೂನು ಬೇರೆಯಾಗಿಯೇ ಬರೆದಿದೆ.

ಆ ಶುಕ್ರವಾರದ ಕ್ಲಾಸಿಗೆ ಮಗಳನ್ನು ಕಳುಹಿಸಿದೆ. ಸಂಜೆ ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಮ್ಮಾ, ನಿನಗೂ ಹೀಗೆ ಆಗಿತ್ತಾ?" ಅಂತ ಕೇಳಿದಳು. ಗ್ಯಾಸ್ ಆಫ್ ಮಾಡಿ ಅವಳ ಜೊತೆ ಕುಳಿತು ಬೆಂಚಿನ ಕತೆ ಹೇಳಿದೆ. ಮುಂದಿನ ಪಿಟಿಎ ಮೀಟಿಂಗಿಗೆ ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ಹೈಸ್ಕೂಲಿನ ಮಕ್ಕಳಿಗೆ ಈ ಕ್ಲಾಸ್ ಯಾವಾಗ? ಗಂಡುಮಕ್ಕಳಿಗೂ ಉಂಟಾ? ಕಲಿಸುವವರಿಗೆ ಕನ್ನಡ ಬರುತ್ತದಾ?